ಬೆಕ್ಕಿನ ಮರಿ, ಮಂಗನ ಮರಿ



ಈ ಪಾಠವನ್ನು ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ. ತಪ್ಪು ನನ್ನದೇ. ಹಲವು ವರ್ಷಗಳ ಹಿಂದೆ ನಾನು ಒಂಬತ್ತನೆಯ ತರಗತಿಯಲ್ಲಿ ಒಂದು ಗದ್ಯಭಾಗವನ್ನು ಓದಿಸುತ್ತಿದ್ದೆ. ಅದರಲ್ಲಿ ಯೇಸುವಿನ ಬೋಧನೆಯ ಪ್ರಸ್ತಾಪವಿತ್ತು, 'ರಕ್ಷಣೆ' ಎಂಬ ಮಾತು ಬಂದಿತ್ತು. ನಾನು ಹೆಚ್ಚು ಯೋಚಿಸದೆ ಕರಿಹಲಗೆಯ ಮೇಲೆ 'ರಕ್ಷಣೆ = ಮೋಕ್ಷ' ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಾಸ್ಟ್ರೇ, ಅವೆರಡೂ ಒಂದೇ ಅಲ್ಲ. ಮೋಕ್ಷ ಅಂದ್ರೆ ಮತ್ತೆ ಹುಟ್ಟದೆ ಇರೋದು ಅಂತ ನೀವೇ ಹೇಳಿದ್ರಿ. ನಮ್ಮಲ್ಲಿ ಮತ್ತೆ ಹುಟ್ಟೋದೇ ಇಲ್ಲವಲ್ಲ!"

ತರಗತಿಯಲ್ಲಿ ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಗಂಟೆ ಬಾರಿಸಿದ ಮೇಲೆ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ ಇನ್ನೊಂದು ಮಾತು ಕೇಳಿದಳು. ಅವಳ ಅಜ್ಜಿ ಆ ತಿಂಗಳಷ್ಟೇ ತೀರಿಕೊಂಡಿದ್ದರು. ಕಡೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಮಾತು ನಿಂತಿತ್ತು, ನೆನಪೂ ಹೋಗಿತ್ತು, ಮನೆಯವರ ಗುರುತು ಕೂಡ ಸಿಗುತ್ತಿರಲಿಲ್ಲ. "ಅಜ್ಜಿಗೆ ಪ್ರಾರ್ಥನೆ ಮಾಡ್ಲಿಕ್ಕೂ ಆಗ್ತಿರ್ಲಿಲ್ಲ. ಅಂಥವರನ್ನು ದೇವರು ಏನು ಮಾಡ್ತಾನೆ ಮಾಸ್ಟ್ರೇ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಜಾರಿಕೊಂಡೆ. ಆ ನಾಳೆ ಬರುವುದಕ್ಕೆ ಕೆಲವು ವಾರಗಳೇ ಹಿಡಿದವು. ಆ ವಾರಗಳಲ್ಲಿ ನಾನು ಓದಿದ್ದನ್ನೂ, ಆಮೇಲೆ ಓದುತ್ತ ಬಂದದ್ದನ್ನೂ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪದಗಳನ್ನೇ ನೋಡೋಣ. 'ಮೋಕ್ಷ', 'ಮುಕ್ತಿ' ಎಂಬ ಎರಡೂ ಪದಗಳು 'ಬಿಡು' ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದವು. ಅಚ್ಚಗನ್ನಡದಲ್ಲಿ ಹೇಳಿದರೆ ಬಿಡುಗಡೆ. 'ರಕ್ಷಣೆ' ಎಂದರೆ ಕಾಪಾಡುವುದು. ಹಗ್ಗ ಕಟ್ಟಿದ ದನ ತಾನೇ ಗೂಟ ಕಿತ್ತುಕೊಂಡು ಹೋಗಬಹುದು. ಯಾರಾದರೂ ಬಂದು ಹಗ್ಗ ಬಿಚ್ಚಲೂಬಹುದು. ಎರಡೂ ಬಿಡುಗಡೆಯೇ. ಆದರೆ ಬಾವಿಗೆ ಬಿದ್ದವನನ್ನು ಮೇಲೆತ್ತಲು ದಂಡೆಯ ಮೇಲೆ ಇನ್ನೊಬ್ಬ ಬೇಕೇ ಬೇಕು. ಬಿಡುಗಡೆ ಎಂಬ ಮಾತಿಗೆ ಬಿಡಿಸುವವನು ಇರಲೇಬೇಕೆಂದಿಲ್ಲ. ರಕ್ಷಣೆ ಎಂಬ ಮಾತಿಗೆ ರಕ್ಷಕನಿಲ್ಲದೆ ಅರ್ಥವೇ ಇಲ್ಲ. ಯೇಸು ಎಂಬ ಹೆಸರಿಗೇ ಹೀಬ್ರೂ ಭಾಷೆಯಲ್ಲಿ 'ದೇವರು ರಕ್ಷಿಸುತ್ತಾನೆ' ಎಂಬ ಅರ್ಥವಿದೆ. 19ನೆಯ ಶತಮಾನದಲ್ಲಿ ಬೈಬಲನ್ನು ಕನ್ನಡಕ್ಕೆ ತಂದವರ ಮುಂದೆ ಮೋಕ್ಷ, ಮುಕ್ತಿ, ಕೈವಲ್ಯ ಎಂಬ ಸಿದ್ಧಪದಗಳು ಸಾಲುಗಟ್ಟಿ ನಿಂತಿದ್ದವು. ಹಾಗಿದ್ದರೂ ಕನ್ನಡ ಬೈಬಲಿನಲ್ಲಿ ನೆಲೆನಿಂತದ್ದು ರಕ್ಷಣೆ, ರಕ್ಷಕ, ಕೃಪೆ ಎಂಬ ಮಾತುಗಳು. ಆ ಹುಡುಗಿ ಹೇಳಿದ್ದು ಸರಿಯಾಗಿತ್ತು. ನನ್ನ ಸಮಚಿಹ್ನೆ ಎರಡು ದೊಡ್ಡ ವಿಚಾರಗಳನ್ನು ಒಂದೇ ಗೋಣಿಗೆ ತುಂಬಿಬಿಟ್ಟಿತ್ತು.

ಯಾವುದರಿಂದ ಬಿಡುಗಡೆ, ಯಾವುದರಿಂದ ರಕ್ಷಣೆ ಎಂಬಲ್ಲಿಯೇ ದಾರಿ ಕವಲೊಡೆಯುತ್ತದೆ. ಹಿಂದೂ ದರ್ಶನಗಳು ಹೇಳುವ ಬಂಧನಕ್ಕೆ ಆರಂಭವೆಂಬುದಿಲ್ಲ. ಮಾಡಿದ ಕರ್ಮಕ್ಕೆ ಫಲ, ಫಲವನ್ನು ಉಣ್ಣಲು ಇನ್ನೊಂದು ಜನ್ಮ, ಆ ಜನ್ಮದಲ್ಲಿ ಮತ್ತೆ ಕರ್ಮ - ಹೀಗೆ ಗಾಣದೆತ್ತಿನಂತೆ ಸುತ್ತು. ಕ್ರೈಸ್ತ ನಂಬಿಕೆಯಲ್ಲಿ ಬದುಕು ಒಂದೇ. ದೇವರಿಂದ ಮುಖ ತಿರುಗಿಸಿಕೊಂಡದ್ದೇ ಪಾಪ. ಅದರ ಫಲ ಮರಣ. ಅಲ್ಲಿ ಮುರಿದದ್ದು ಒಂದು ಸಂಬಂಧ. ಮುರಿದ ಸಂಬಂಧವನ್ನು ಒಂದು ಕಡೆಯವರು ಮಾತ್ರ ಸರಿಪಡಿಸಲಾರರು ಎಂಬುದು ನಿಮಗೆ ಗೆಳೆಯರೊಡನೆ ಜಗಳವಾಡಿದಾಗಲೇ ತಿಳಿದಿರುತ್ತದೆ.

ಕರ್ಮವೇ ಫಲ ಕೊಡುವುದಾದರೆ ದೇವರಿಗೇನು ಕೆಲಸ? ಇದು ಉಡಾಫೆಯ ಪ್ರಶ್ನೆಯಲ್ಲ. ನಮ್ಮ ಪ್ರಾಚೀನ ಚಿಂತಕರು ಇದನ್ನು ಗಂಭೀರವಾಗಿಯೇ ಕೇಳಿಕೊಂಡಿದ್ದರು. ಮೀಮಾಂಸಕರು ಕರ್ಮಕ್ಕೆ ಫಲ ಕೊಡುವ ದೇವರೊಬ್ಬ ಬೇಕಿಲ್ಲ ಎಂದರು. ಜೈನರ ತೀರ್ಥಂಕರರು ದಾರಿ ತೋರುವವರೇ ಹೊರತು ಕೈಹಿಡಿದು ದಾಟಿಸುವವರಲ್ಲ. ಅದ್ವೈತದಲ್ಲಿ ಮಾತು ಇನ್ನೂ ಸೂಕ್ಷ್ಮವಾಗುತ್ತದೆ. ಹತ್ತು ಜನ ಹೊಳೆ ದಾಟಿದ ಕತೆ ನಿಮಗೆ ಗೊತ್ತಿರಬಹುದು. ದಡ ಸೇರಿ ಎಣಿಸಿದರೆ ಒಂಬತ್ತೇ ಮಂದಿ. ಎಣಿಸಿದವನು ತನ್ನನ್ನು ಬಿಟ್ಟು ಎಣಿಸಿದ್ದ. ಒಬ್ಬ ಮುಳುಗಿಹೋದನೆಂದು ಎಲ್ಲರೂ ಕೂತು ಅಳತೊಡಗಿದರು. ದಾರಿಹೋಕನೊಬ್ಬ ಬಂದು "ಹತ್ತನೆಯವನು ನೀನೇ" ಎಂದ. ಅದ್ವೈತಿಗಳು ಬಹಳ ಹಿಂದಿನಿಂದಲೂ ಬಳಸುತ್ತ ಬಂದಿರುವ ದೃಷ್ಟಾಂತ ಇದು. ಇಲ್ಲಿ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ಹತ್ತನೆಯವನು ಮೊದಲೂ ಇದ್ದ. ಮೋಕ್ಷವೆಂದರೆ ಇದ್ದುದನ್ನು ಅರಿಯುವುದು ಅಷ್ಟೆ. ಹಾಗಾದರೆ ದಾರಿಹೋಕ ಮಾಡಿದ್ದೇನು? ಏನನ್ನೂ ಕೊಡಲಿಲ್ಲ, ಆದರೆ ಅವನು ಬಾರದಿದ್ದರೆ ಅಳು ನಿಲ್ಲುತ್ತಿರಲಿಲ್ಲ. ಅದ್ವೈತದಲ್ಲಿ ಗುರುವಿಗೂ ಈಶ್ವರನಿಗೂ ಇರುವ ಸ್ಥಾನ ಹೆಚ್ಚುಕಡಿಮೆ ಇಂಥದ್ದು. ಮೋಕ್ಷ ಜ್ಞಾನದಿಂದಲೇ ಎಂದು ಸಾರಿದ ಶಂಕರಾಚಾರ್ಯರೇ ತಮ್ಮ ಬ್ರಹ್ಮಸೂತ್ರ ಭಾಷ್ಯದಲ್ಲಿ, ಆ ಜ್ಞಾನ ಹುಟ್ಟುವುದು ಈಶ್ವರನ ಅನುಗ್ರಹದಿಂದ ಎಂದು ಒಪ್ಪಿಕೊಂಡಿದ್ದಾರೆ.

ವ್ಯಾಕರಣ ಬೇಸರವೆನ್ನುವವರಿಗಾಗಿ ಇಲ್ಲೊಂದು ಸಂಗತಿ ಹೇಳಬೇಕು. ಕಠೋಪನಿಷತ್ತಿನಲ್ಲಿ ಆತ್ಮದ ಮಹಿಮೆಯನ್ನು ಕಾಣುವುದು ಹೇಗೆ ಎಂದು ಹೇಳುವ ಒಂದು ಮಂತ್ರವಿದೆ. ಅದರ ಒಂದು ಪದವನ್ನು ವಿಸರ್ಗವಿಲ್ಲದೆ 'ಧಾತುಪ್ರಸಾದ' ಎಂದು ಕೂಡಿಸಿ ಓದಿದರೆ, ಶರೀರವನ್ನು ಧರಿಸಿರುವ ಮನಸ್ಸು ಇಂದ್ರಿಯಗಳು ತಿಳಿಯಾಗುವುದರಿಂದ ಎಂದು ಅರ್ಥ. ಶಂಕರರು ಹಾಗೆ ಓದಿದರು. ನಡುವೆ ವಿಸರ್ಗವಿಟ್ಟು 'ಧಾತುಃ ಪ್ರಸಾದ' ಎಂದು ಓದಿದರೆ, ಸೃಷ್ಟಿಕರ್ತನ ಕೃಪೆಯಿಂದ ಎಂದು ಅರ್ಥ. ಭಕ್ತಿಪಂಥದ ಆಚಾರ್ಯರಿಗೆ ಪ್ರಿಯವಾದದ್ದು ಈ ಪಾಠ. ಎರಡು ಚುಕ್ಕೆ ಇದ್ದರೆ ದೇವರು ಕೈಚಾಚುತ್ತಾನೆ. ಇಲ್ಲದಿದ್ದರೆ ಮನಸ್ಸೇ ತಿಳಿಯಾಗಬೇಕು. ಬರೆಯುವಾಗ ವಿಸರ್ಗ ಬಿಟ್ಟರೆ ಅಂಕ ಕಳೆಯುವುದೇಕೆ ಎಂದು ಇನ್ನು ಮುಂದೆ ಕೇಳಬೇಡಿ!

ಈಗ ಪಾಠದ ಹೆಸರಿಗೆ ಬರೋಣ. ಮಳೆಗಾಲದಲ್ಲಿ ನಿಮ್ಮ ಮನೆಯ ಬೆಕ್ಕು ಅಟ್ಟದಲ್ಲಿ ಮರಿ ಹಾಕಿದ್ದನ್ನು ನೋಡಿರುತ್ತೀರಿ. ಅಲ್ಲಿ ನೀರು ಸೋರಿದರೆ ತಾಯಿಬೆಕ್ಕು ಮರಿಯ ಕುತ್ತಿಗೆಯನ್ನು ಮೆಲ್ಲನೆ ಕಚ್ಚಿ ಎತ್ತಿಕೊಂಡು ಸೌದೆಯ ರಾಶಿಯ ಹಿಂದಕ್ಕೆ ಸಾಗಿಸುತ್ತದೆ. ಮರಿ ಏನನ್ನೂ ಮಾಡುವುದಿಲ್ಲ. ಮೈಯನ್ನು ಸಡಿಲ ಬಿಟ್ಟಿರುತ್ತದೆ. ತೋಟಕ್ಕೆ ಮಂಗಗಳ ಹಿಂಡು ಬಂದಾಗ ನೋಡಿ. ಮರಿ ತಾಯಿಯ ಹೊಟ್ಟೆಯನ್ನು ಎರಡು ಕೈಗಳಿಂದ ಬಿಗಿದಪ್ಪಿ ಹಿಡಿದಿರುತ್ತದೆ. ಅಡಿಕೆ ಮರದಿಂದ ಮರಕ್ಕೆ ಹಾರುವವಳು ತಾಯಿ, ನಿಜ. ಆದರೆ ಮರಿ ಹಿಡಿತ ಬಿಟ್ಟರೆ ನೆಲದ ಪಾಲು.

ದೇವರ ಕೃಪೆ ಇವೆರಡರಲ್ಲಿ ಯಾವುದರಂತೆ? ತಮಿಳುನಾಡಿನ ಶ್ರೀವೈಷ್ಣವರಲ್ಲಿ ಈ ಒಂದು ಪ್ರಶ್ನೆಯ ಮೇಲೆ ಶತಮಾನಗಳ ಕಾಲ ವಾದ ನಡೆಯಿತು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರನ್ನು ಇಬ್ಬಣದವರೂ ಗುರುವೆಂದು ಒಪ್ಪುತ್ತಾರೆ. ಭಕ್ತಿಯ ಜೊತೆಗೆ 'ಪ್ರಪತ್ತಿ', ಅಂದರೆ ಪೂರ್ಣ ಶರಣಾಗತಿ, ಮೋಕ್ಷದ ದಾರಿಯೆಂದು ಇಬ್ಬರೂ ಹೇಳುತ್ತಾರೆ. ಅಲ್ಲಿಂದ ಮುಂದೆ ವೇದಾಂತ ದೇಶಿಕರ (1268-1369) ಅನುಯಾಯಿಗಳು ವಡಗಲೈ ಎಂದೂ, ಪಿಳ್ಳೈ ಲೋಕಾಚಾರ್ಯರ ಅನುಯಾಯಿಗಳು ತೆಂಗಲೈ ಎಂದೂ ಬೇರೆಯಾದರು. ವಡಗಲೈಯವರದು ಮಂಗನ ಮರಿಯ ಪಕ್ಷ, ಮರ್ಕಟಕಿಶೋರ ನ್ಯಾಯ. ತೆಂಗಲೈಯವರದು ಬೆಕ್ಕಿನ ಮರಿಯ ಪಕ್ಷ, ಮಾರ್ಜಾಲಕಿಶೋರ ನ್ಯಾಯ. ಹಣೆಯ ನಾಮ ಯಾವ ಆಕಾರದಲ್ಲಿರಬೇಕು ಎಂಬ ಜಗಳವೂ ಇದಕ್ಕೆ ಸೇರಿಕೊಂಡು, ಕಂಚಿಯ ದೇವಾಲಯದ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಆ ಕತೆ ನಮಗೆ ಬೇಡ. ವಾದದ ಒಳತಿರುಳು ಅದಕ್ಕಿಂತ ಬಹಳ ಬೆಲೆಯುಳ್ಳದ್ದು.

ದೇಶಿಕರ ಕಡೆಯವರ ಮಾತು ಇದು: ರಕ್ಷಿಸುವವನು ಭಗವಂತನೇ, ಅದರಲ್ಲಿ ಸಂದೇಹವಿಲ್ಲ. ಆದರೆ ಜೀವನ ಕಡೆಯಿಂದ ಒಂದು ಸಣ್ಣ ನೆಪವಾದರೂ ಬೇಕು. ಇದನ್ನು ಅವರು 'ವ್ಯಾಜ' ಎಂದು ಕರೆದರು. ಅದೂ ಬೇಡವೆಂದರೆ, ದೇವರು ಇವನನ್ನು ಎತ್ತಿಕೊಂಡು ಅವನನ್ನು ಏಕೆ ಬಿಟ್ಟ ಎಂಬ ಪ್ರಶ್ನೆಗೆ ಉತ್ತರವಿಲ್ಲ; ದೇವರಿಗೆ ಪಕ್ಷಪಾತದ ದೋಷ ಬರುತ್ತದೆ. ಲೋಕಾಚಾರ್ಯರ ಕಡೆಯವರು ಇದಕ್ಕೆ ಒಪ್ಪುವುದಿಲ್ಲ. 'ನಾನು ಶರಣಾದೆ, ಆದುದರಿಂದ ನನಗೆ ಮೋಕ್ಷ' ಎಂದು ಎಣಿಸಿದೊಡನೆ ಶರಣಾಗತಿಯೇ ಒಂದು ವ್ಯಾಪಾರವಾಗಿಬಿಡುತ್ತದೆ. ಮಗು ತಾಯಿಯ ಹಾಲಿಗೆ ಬೆಲೆ ಕಟ್ಟಲು ಹೊರಟಂತೆ. ಅವರು ಇನ್ನೂ ಮುಂದೆ ಹೋದರು. ಹಸು ಈಗ ತಾನೇ ಹುಟ್ಟಿದ ಕರುವಿನ ಮೈಗೆ ಅಂಟಿದ ಕೊಳೆಯನ್ನು ಅಸಹ್ಯಪಡದೆ, ಪ್ರೀತಿಯಿಂದ ನೆಕ್ಕುತ್ತದಲ್ಲವೇ? ಜೀವನ ದೋಷವನ್ನು ಭಗವಂತ ಕಾಣುವುದೂ ಹಾಗೆಯೇ ಎಂದರು. 'ವಾತ್ಸಲ್ಯ' ಎಂಬ ಪದದಲ್ಲಿ ಕರು ಎಂಬರ್ಥದ 'ವತ್ಸ' ಇರುವುದನ್ನು ಗಮನಿಸಿ. ಅಷ್ಟು ದೂರ ಹೋಗಬೇಡಿ, ಪಾಪ ದೇವರಿಗೆ ರುಚಿ ಎಂದರೆ ಲೋಕ ಕೆಡುತ್ತದೆ, ದೇವರು ದೋಷವನ್ನು ಕಂಡೂ ಕಾಣದಂತಿರುತ್ತಾನೆ ಎಂದಷ್ಟೇ ಹೇಳಿ ಎಂಬುದು ಇನ್ನೊಂದು ಕಡೆಯವರ ಉತ್ತರ. ನನಗೆ ಎರಡು ಮಾತುಗಳಲ್ಲೂ ಸತ್ಯವಿದೆಯೆನಿಸುತ್ತದೆ. ಆದರೆ ಹಸುವಿನ ಆ ಚಿತ್ರ ಒಮ್ಮೆ ಮನಸ್ಸಿಗೆ ಬಂದರೆ ಹೋಗುವುದಿಲ್ಲ.

ನಮ್ಮ ಕಾಸರಗೋಡಿನ ನೆಲಕ್ಕೂ ಈ ಚರ್ಚೆಗೂ ನಂಟಿದೆ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಉಡುಪಿಯ ಕಡೆಯಿಂದ ಇಲ್ಲಿಗೆ ಬಂದಿದ್ದರು. ಕುಂಬಳೆಯ ಅರಸ ಜಯಸಿಂಹ ಅವರನ್ನು ಗೌರವಿಸಿದನೆಂದೂ, ಇಲ್ಲಿಯ ಮಹಾಪಂಡಿತ ತ್ರಿವಿಕ್ರಮ ಪಂಡಿತಾಚಾರ್ಯರು ಅವರೊಡನೆ ಹಲವು ದಿನ ವಾದ ಮಾಡಿ ಕೊನೆಗೆ ಶಿಷ್ಯರಾದರೆಂದೂ 'ಸುಮಧ್ವವಿಜಯ' ಹೇಳುತ್ತದೆ. ಆ ಕಾವ್ಯವನ್ನು ಬರೆದವರು ತ್ರಿವಿಕ್ರಮರ ಮಗ ನಾರಾಯಣ ಪಂಡಿತಾಚಾರ್ಯರು. ಮಧ್ವರ ಮತದಲ್ಲಿ ಜ್ಞಾನ ಬೇಕು, ಭಕ್ತಿ ಬೇಕು. ಆದರೆ ಅವು ತಾವಾಗಿಯೇ ಕಟ್ಟನ್ನು ಬಿಚ್ಚಲಾರವು. ಕಟ್ಟಿದವನು ವಿಷ್ಣು, ಬಿಚ್ಚುವವನೂ ವಿಷ್ಣುವೇ. ಅವನು ಪ್ರಸನ್ನನಾಗದೆ ಮುಕ್ತಿಯಿಲ್ಲ; ವಾಯುದೇವರ ಮೂಲಕವಲ್ಲದೆ ಆ ಪ್ರಸಾದ ಇಳಿಯುವುದಿಲ್ಲ. ದಾಸರ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ದೈನ್ಯದ ಮೂಲ ಇಲ್ಲಿದೆ.

ಇದನ್ನು ನೋಡಿ ಬರ್ನೆಲ್, ಗ್ರಿಯರ್ಸನ್ ಮೊದಲಾದ ಯೂರೋಪಿನ ವಿದ್ವಾಂಸರು, ಕರಾವಳಿಯ ಕ್ರೈಸ್ತರಿಂದ ಮಧ್ವರು ಇದನ್ನು ಕಲಿತಿರಬಹುದೆಂದು ಊಹಿಸಿದರು. ಊಹೆಗೆ ಗಟ್ಟಿ ಆಧಾರ ಸಿಗಲಿಲ್ಲ. ಕೃಪೆಯ ಮಾತು ಉಪನಿಷತ್ತಿನಲ್ಲಿಯೂ ಆಳ್ವಾರರ ಹಾಡುಗಳಲ್ಲಿಯೂ ಮಧ್ವರಿಗಿಂತ ಎಷ್ಟೋ ಮೊದಲೇ ಇತ್ತು. ಹೋಲಿಕೆ ಕಂಡಲ್ಲೆಲ್ಲ ಕಡ ತಂದದ್ದೆಂದು ಹೇಳುವುದು ಅವಸರದ ಮಾತು. ಇಬ್ಬರು ನೆರೆಮನೆಯವರು ಒಂದೇ ರೀತಿಯ ಕೊಡೆ ಹಿಡಿದಿದ್ದರೆ, ಇಬ್ಬರ ಅಂಗಳದಲ್ಲೂ ಮಳೆ ಬೀಳುತ್ತಿದೆಯೆಂದೂ ಅರ್ಥವಾಗಬಹುದಲ್ಲ?

ಕ್ರೈಸ್ತರ ಅಂಗಳದಲ್ಲಿ ಆ ಮಳೆ ಹೇಗೆ ಬಿತ್ತೆಂದು ನೋಡೋಣ. ದೇವರೇ ರಕ್ಷಕ ಎಂಬುದರಲ್ಲಿ ಅಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಜಗಳ ಹುಟ್ಟಿದ್ದು ಮಂಗನ ಮರಿಯ ಕೈಗಳ ಬಗ್ಗೆ! 5ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಿಂದ ರೋಮಿಗೆ ಬಂದ ಪೆಲಾಜಿಯಸ್ ಎಂಬ ಸಾಧಕನು, ಮನುಷ್ಯನು ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಎಂದು ಬೋಧಿಸಿದ. ಆಗದ ಕೆಲಸವನ್ನು ದೇವರು ಮಾಡೆಂದು ಆಜ್ಞಾಪಿಸುವನೇ ಎಂಬುದು ಅವನ ತರ್ಕ. ಅವನನ್ನು ಎದುರಿಸಿದವರು ಉತ್ತರ ಆಫ್ರಿಕದ ಬಿಷಪ್ ಅಗಸ್ಟಿನ್ (354-430). ಅವರು ತಮ್ಮ ಯೌವನದ ದಾರಿತಪ್ಪಿದ ದಿನಗಳನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದವರು. ಒಳ್ಳೆಯದೆಂದು ತಿಳಿದೂ ಅದನ್ನು ಮಾಡಲಾಗದ ಮನಸ್ಸಿನ ಸೋಲು ಅವರಿಗೆ ಸ್ವಂತ ಅನುಭವ. ಒಳ್ಳೆಯದನ್ನು ಬಯಸುವ ಬಯಕೆಯೂ ದೇವರು ಕೊಟ್ಟರೇ ಹುಟ್ಟುವುದು ಎಂದು ಅವರು ಹೇಳಿದರು. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಧರ್ಮಸಭೆ ಪೆಲಾಜಿಯಸನ ಮತವನ್ನು ತಳ್ಳಿಹಾಕಿತು. ಮೊದಲ ಹೆಜ್ಜೆಯನ್ನಾದರೂ ಮನುಷ್ಯನೇ ಇಡಬಹುದೇ ಎಂದು ಕೇಳುವವರು ಆಮೇಲೂ ಇದ್ದರು. ಆ ಮೊದಲ ಹೆಜ್ಜೆಯೂ ಕೃಪೆಯೇ ಎಂದು 529ರಲ್ಲಿ ಫ್ರಾನ್ಸಿನ ಆರೆಂಜ್ ಎಂಬಲ್ಲಿ ನಡೆದ ಸಭೆ ತೀರ್ಮಾನಿಸಿತು.

ತೀರ್ಮಾನವಾದರೂ ವಾದ ನಿಲ್ಲಲಿಲ್ಲ. ಸಾವಿರ ವರ್ಷಗಳ ಬಳಿಕ ಜರ್ಮನಿಯಲ್ಲಿ ಅದೇ ಕಿಡಿ ಹೊತ್ತಿಕೊಂಡಿತು. 1517ರಲ್ಲಿ ಮಾರ್ಟಿನ್ ಲೂಥರ್, ಹಣ ಕೊಟ್ಟು ಪಡೆಯುವ ಪಾಪದಂಡ ವಿನಾಯಿತಿಯ ಪತ್ರಗಳನ್ನು ಪ್ರತಿಭಟಿಸಿದ್ದನ್ನು ನೀವು ಸಮಾಜ ವಿಜ್ಞಾನದಲ್ಲಿ ಓದಿದ್ದೀರಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಲೂಥರನಿಗೆ ಮುಖ್ಯವಾಗಿದ್ದ ಪ್ರಶ್ನೆ ಬೇರೆಯೇ: ನಾನು ಎಷ್ಟು ಮಾಡಿದರೆ ದೇವರಿಗೆ ಸಾಕು? ಎಷ್ಟು ಮಾಡಿದರೂ ಸಾಲದು ಎಂಬ ಭಯದಿಂದ ಆತನು ಸಂನ್ಯಾಸಿಯಾಗಿದ್ದಾಗ ನರಳಿದ್ದನು. ನಂಬಿಕೆಯೊಂದರಿಂದಲೇ, ಕೃಪೆಯೊಂದರಿಂದಲೇ ಎಂಬುದು ಆತನು ಕಂಡುಕೊಂಡ ಉತ್ತರ.

1524ರಲ್ಲಿ ಹಾಲೆಂಡಿನ ವಿದ್ವಾಂಸ ಎರಾಸ್ಮಸ್ ಇದಕ್ಕೆ ಪ್ರತಿಯಾಗಿ ಒಂದು ಪುಸ್ತಕ ಬರೆದ. ಅದರಲ್ಲಿಯ ಒಂದು ದೃಷ್ಟಾಂತವನ್ನು ಓದಿದಾಗ ನನಗೆ ಥಟ್ಟನೆ ತೋಟದ ಮಂಗಗಳು ನೆನಪಾದವು. ಇನ್ನೂ ನಡೆಯಲು ಬಾರದ ಮಗು ಬಿದ್ದಿದೆ. ತಂದೆ ಎತ್ತಿ ನಿಲ್ಲಿಸಿ, ದೂರದಲ್ಲಿರುವ ಸೇಬನ್ನು ತೋರಿಸುತ್ತಾನೆ. ಮಗುವಿಗೆ ಆಸೆ, ಕಾಲಿಗೆ ಬಲವಿಲ್ಲ. ತಂದೆ ಕೈಹಿಡಿದು ನಡೆಸುತ್ತಾನೆ. ಸೇಬನ್ನು ತಾನೇ ಕೈಗೆ ಕೊಡುತ್ತಾನೆ. ಎಲ್ಲವೂ ತಂದೆಯದೇ, ಆದರೂ ಮಗು ಏನೋ ಒಂದಿಷ್ಟು ಮಾಡಿದೆಯಲ್ಲವೇ ಎಂಬುದು ಎರಾಸ್ಮಸನ ಮಾತು. ಮುಂದಿನ ವರ್ಷವೇ ಲೂಥರ್ ಉತ್ತರ ಕೊಟ್ಟ: ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿಯಿದ್ದಂತೆ, ದೇವರು ಏರಿದರೆ ದೇವರ ದಾರಿಗೆ, ಸೈತಾನ ಏರಿದರೆ ಅವನ ದಾರಿಗೆ. ಸವಾರನನ್ನು ಆರಿಸುವ ಹಕ್ಕು ಪ್ರಾಣಿಗಿಲ್ಲ. ದೇಶಿಕರ ಹೆಸರನ್ನು ಎರಾಸ್ಮಸ್ ಕೇಳಿರಲಿಲ್ಲ, ಲೋಕಾಚಾರ್ಯರ ಹೆಸರನ್ನು ಲೂಥರ್ ಕೇಳಿರಲಿಲ್ಲ. ಕ್ಯಾಥೊಲಿಕ್ ಸಭೆಯೂ ಲೂಥರನ್ ಸಭೆಗಳೂ ಈ ವಿಷಯದ ಮೂಲಾಂಶಗಳಲ್ಲಿ ತಮಗೆ ಒಮ್ಮತವಿದೆಯೆಂದು ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ.

ಹೋಲಿಕೆಯನ್ನು ಹೇಳಿ ವ್ಯತ್ಯಾಸವನ್ನು ಮರೆತರೆ ನಾನು ಮತ್ತೆ ಕರಿಹಲಗೆಯ ತಪ್ಪನ್ನೇ ಮಾಡಿದಂತಾಗುತ್ತದೆ. ಬೆಕ್ಕಾದರೂ ಮಂಗವಾದರೂ, ತಾಯಿಗೆ ಆ ಕೆಲಸದಲ್ಲಿ ನೋವಿಲ್ಲ. ಕ್ರೈಸ್ತ ನಂಬಿಕೆಯ ನಡುವೆ ಇರುವುದು ಶಿಲುಬೆ. ಅಲ್ಲಿ ದೇವರೇ ಮನುಷ್ಯನಾಗಿ, ಮನುಷ್ಯನ ಪಾಪದ ಭಾರವನ್ನು ಹೊತ್ತು, ಸಾಯುತ್ತಾನೆ. ಅದು ನಡೆದದ್ದು ಒಂದೇ ಸಲ, ಪಿಲಾತನೆಂಬ ರೋಮನ್ ಅಧಿಕಾರಿಯ ಕಾಲದಲ್ಲಿ, ಜೆರುಸಲೇಮ್ ಪಟ್ಟಣದ ಹೊರಗೆ. ಆದುದರಿಂದಲೇ ಕ್ರೈಸ್ತರಿಗೆ ಆ ದಿನ, ಆ ಸ್ಥಳ ಅಷ್ಟು ಮುಖ್ಯ. ನಮ್ಮ ಅವತಾರಗಳು ಯುಗಯುಗಕ್ಕೂ ಬರುವವು; ದುಷ್ಟರನ್ನು ಅಡಗಿಸಿ ಧರ್ಮವನ್ನು ನಿಲ್ಲಿಸುವುದು ಅವುಗಳ ಕೆಲಸ. ರಾಮನೂ ಕೃಷ್ಣನೂ ಕಷ್ಟಪಟ್ಟರು, ನಿಜ. ಆದರೆ ಭಕ್ತನ ಪಾಪಕ್ಕಾಗಿ ಪ್ರಾಣ ಕೊಟ್ಟರೆಂದು ಯಾವ ಪುರಾಣವೂ ಹೇಳುವುದಿಲ್ಲ. ಇನ್ನು, ಹಿಂದೂ ದರ್ಶನಗಳಲ್ಲಿ ಕಾಯಲು ಕಾಲವಿದೆ. ಈ ಜನ್ಮದಲ್ಲಿ ಆಗದಿದ್ದರೆ ಇನ್ನೊಂದರಲ್ಲಿ. ಒಂದೇ ಬದುಕು ಎಂದು ನಂಬುವವರಿಗೆ ಆ ಅವಕಾಶವಿಲ್ಲ. ಅವರ ಪ್ರಾರ್ಥನೆಯಲ್ಲಿರುವ ತುರ್ತಿಗೆ ಅದೇ ಕಾರಣ.

ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನೂ, ಬುದ್ಧನ ಕಡೆಯ ದಿನವನ್ನು ಕುರಿತು 'ವೈಶಾಖಿ' ಎಂಬ ಖಂಡಕಾವ್ಯವನ್ನೂ ಬರೆದಿದ್ದಾರೆ. ತಮ್ಮ ಪ್ರಯತ್ನವನ್ನೇ ನೆಚ್ಚಿ ನಡೆಯಿರೆಂದು ಶಿಷ್ಯರಿಗೆ ಹೇಳಿ ಕಣ್ಮುಚ್ಚಿದ ಗುರು ಒಬ್ಬರು. ನಿಮ್ಮಿಂದಾಗದ್ದನ್ನು ನಾನು ಹೊರುತ್ತೇನೆಂದು ಮಡಿದವರು ಇನ್ನೊಬ್ಬರು. ಇಬ್ಬರ ಮರಣದ ಮುಂದೆಯೂ ಒಬ್ಬನೇ ಕನ್ನಡ ಕವಿ ತಲೆಬಾಗಿ ನಿಂತದ್ದು ನಮ್ಮ ಈ ಗಡಿನಾಡಿನಲ್ಲಿ.

ಕೃಪೆಗೂ ನ್ಯಾಯಕ್ಕೂ ಹೊಂದಿಕೆಯಾಗುವುದು ಸುಲಭವಲ್ಲ. ಯೇಸು ಹೇಳಿದ ಒಂದು ಸಾಮತಿಯಲ್ಲಿ ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಗ್ಗೆಯೇ ಆಳುಗಳನ್ನು ಗೊತ್ತುಮಾಡುತ್ತಾನೆ. ಮತ್ತೆ ಕೆಲವರನ್ನು ಮಧ್ಯಾಹ್ನ, ಇನ್ನು ಕೆಲವರನ್ನು ಕತ್ತಲಾಗಲು ಒಂದು ಗಂಟೆ ಇರುವಾಗ ಕರೆಯುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ. ಬೆಳಗ್ಗಿನಿಂದ ಬಿಸಿಲಲ್ಲಿ ದುಡಿದವರು ಗೊಣಗಿದರೆ, ಮಾತಾಡಿದಷ್ಟು ನಿಮಗೆ ಕೊಟ್ಟಿದ್ದೇನೆ, ನಾನು ಧಾರಾಳಿಯಾದರೆ ನಿಮಗೇಕೆ ಹೊಟ್ಟೆಯುರಿ ಎನ್ನುತ್ತಾನೆ. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಗೊಣಗಿದವರ ಪಕ್ಷವನ್ನೇ ವಹಿಸಿದ್ದಾರೆ. ಅದರಲ್ಲೂ ಅಪ್ಪ ಅಮ್ಮ ಕೂಲಿಗೆ ಹೋಗುವ ಮನೆಯ ಮಕ್ಕಳು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬಹುಶಃ ಕತೆ ಹೇಳಿದವರಿಗೂ ಅರ್ಥವಾಗಿತ್ತು. ಕರ್ಮಸಿದ್ಧಾಂತ ಮಾಡಿದಷ್ಟಕ್ಕೆ ಕೂಲಿ ಕೊಡುವ ಲೆಕ್ಕ. ಕೃಪೆ ಆ ಲೆಕ್ಕಪುಸ್ತಕವನ್ನೇ ಮುಚ್ಚಿಬಿಡುತ್ತದೆ. ವೇದಾಂತ ದೇಶಿಕರು ಸಣ್ಣ ನೆಪವಾದರೂ ಇರಲಿ ಎಂದದ್ದು ಈ ಮಕ್ಕಳ ಸಿಟ್ಟಿಗೆ ಉತ್ತರವಾಗಿ ಎಂದು ನನಗೆ ತೋರುತ್ತದೆ.

ಯಕ್ಷಗಾನದಲ್ಲಿ ನೀವು 'ಗಜೇಂದ್ರ ಮೋಕ್ಷ' ನೋಡಿರಬಹುದು. ಭಾಗವತದ ಕತೆ ಅದು. ಕೆರೆಗಿಳಿದ ಆನೆಯ ಕಾಲನ್ನು ಮೊಸಳೆ ಹಿಡಿಯಿತು. (ಕುಂಬಳೆ ಹತ್ತಿರದ ಅನಂತಪುರದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ಸತ್ತಿತು. ಅದನ್ನು ನೋಡಿದವರು ನಿಮ್ಮ ಮನೆಗಳಲ್ಲಿರಬಹುದು. ಪುರಾಣದ ಮೊಸಳೆ ಅಷ್ಟು ಸಾಧುವಲ್ಲ.) ಆನೆ ಸಾವಿರ ವರ್ಷ ಸೆಣಸಿತು. ಬಲ ಇರುವಷ್ಟು ದಿನ ತನ್ನ ಬಲವನ್ನೇ ನಂಬಿತ್ತು. ಬಲ ಉಡುಗಿದಾಗ ಸೊಂಡಿಲಲ್ಲಿ ಒಂದು ತಾವರೆ ಎತ್ತಿ ಕೂಗಿತು. ವಿಷ್ಣು ಬಂದ. ಆ ಕೂಗು ಆನೆಯ ಪ್ರಯತ್ನವೋ, ಪ್ರಯತ್ನದ ಸೋಲೋ? ಎರಡೂ ಪಕ್ಷದವರು ಇದನ್ನು ತಮ್ಮ ಕತೆಯೆನ್ನಬಹುದು. ಅಷ್ಟೇ ಅಲ್ಲ, ಚಕ್ರದ ಏಟಿಗೆ ಮೊಸಳೆಗೂ ಶಾಪ ಕಳೆದು ಅದು ಮತ್ತೆ ಗಂಧರ್ವನಾಯಿತು. ಮೊಸಳೆ ಏನನ್ನೂ ಬೇಡಿರಲಿಲ್ಲ.

ಇನ್ನು ಕೂಗಲೂ ಆಗದವರ ಮಾತು. ಕೆಲವು ವಾರಗಳ ಬಳಿಕ ನಾನು ಆ ಹುಡುಗಿಯನ್ನು ಕರೆದು ಎರಡು ಸಂಗತಿಗಳನ್ನು ಹೇಳಿದೆ. ಒಂದು ಅವಳ ಮನೆಯ ಪುಸ್ತಕದ್ದೇ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ಒಬ್ಬ ಅಪರಾಧಿಯಿದ್ದ. ಒಂದು ಒಳ್ಳೆಯ ಕೆಲಸ ಮಾಡಲೂ ಅವನಿಗೆ ಸಮಯವಿರಲಿಲ್ಲ, ಕೈಕಾಲುಗಳೂ ಬಿಡುವಾಗಿರಲಿಲ್ಲ. ನನ್ನನ್ನು ನೆನಪಿಟ್ಟುಕೋ ಎಂದಷ್ಟೇ ಕೇಳಿದ. ಇವತ್ತೇ ನನ್ನ ಜೊತೆ ಇರುವೆ ಎಂಬ ಉತ್ತರ ಸಿಕ್ಕಿತು. ಇನ್ನೊಂದು ಶ್ರೀವೈಷ್ಣವರು ಬಹಳ ಗೌರವಿಸುವ ವರಾಹಾವತಾರದ ಮಾತು. ಮೈಯಲ್ಲಿ ಕಸುವಿದ್ದು ಮನಸ್ಸು ಸರಿಯಾಗಿದ್ದಾಗ ಒಮ್ಮೆ ನನ್ನನ್ನು ನೆನೆದವನು, ಸಾಯುವ ಹೊತ್ತಿಗೆ ಕಟ್ಟಿಗೆಯಂತೆ ಕಲ್ಲಿನಂತೆ ಬಿದ್ದಿದ್ದರೆ, ಆಗ ನೆನೆಯುವ ಕೆಲಸ ನನ್ನದು ಎಂದು ಭಗವಂತ ಭೂದೇವಿಗೆ ಹೇಳುತ್ತಾನೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಜ್ಜಿ ಮೊದಲು ದಿನಾ ಜಪಮಾಲೆ ಹಿಡೀತಿದ್ರು ಮಾಸ್ಟ್ರೇ" ಎಂದಳು. ಎರಡನೆಯ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿದಳು, ಮನೆಯಲ್ಲಿ ಅಮ್ಮನಿಗೆ ತೋರಿಸಬೇಕೆಂದು. ಬರೆದು ಕೊಟ್ಟೆ.

ಅಭ್ಯಾಸ

1. 'ಬಿಡುಗಡೆ', 'ರಕ್ಷಣೆ' - ಈ ಎರಡು ಪದಗಳ ವ್ಯತ್ಯಾಸವನ್ನು ನಿಮ್ಮ ಸುತ್ತಲಿನ ಬದುಕಿನ ಉದಾಹರಣೆ ಕೊಟ್ಟು ವಿವರಿಸಿರಿ.

2. ಎರಾಸ್ಮಸನ ದೃಷ್ಟಾಂತ ಮಂಗನ ಮರಿಯ ಪಕ್ಷಕ್ಕೆ ಹತ್ತಿರವೋ, ಬೆಕ್ಕಿನ ಮರಿಯ ಪಕ್ಷಕ್ಕೆ ಹತ್ತಿರವೋ? ಕಾರಣ ಕೊಡಿರಿ.

3. ದ್ರಾಕ್ಷಿತೋಟದ ಯಜಮಾನನು ಮಾಡಿದ್ದು ನ್ಯಾಯವೇ? ಎರಡು ಗುಂಪುಗಳಾಗಿ ಚರ್ಚಿಸಿರಿ. ಚರ್ಚೆಯ ಕೊನೆಗೆ ಅಭಿಪ್ರಾಯ ಬದಲಾಯಿಸಿಕೊಂಡವರು ಯಾಕೆಂದು ಬರೆಯಿರಿ.

4. ಬೇರೆ ಧರ್ಮದ ನಿಮ್ಮ ಗೆಳೆಯರ ಮನೆಯಲ್ಲಿ ದೇವರ ಕೃಪೆಯನ್ನು ಸೂಚಿಸಲು ಬಳಸುವ ಪದಗಳು ಯಾವುವು? ಮನೆಯ ಹಿರಿಯರನ್ನು ಕೇಳಿ, ಅವರು ಕೊಡುವ ಅರ್ಥವನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬನ್ನಿರಿ.